ಮಾತ್ರೆಗೆ ಜಗ್ಗದ ಖಿನ್ನತೆಗೆ ಮೂಗಿನ ಸ್ಪ್ರೇ: ಅಮೆರಿಕದಲ್ಲಿ ಸ್ಪ್ರವಾಟೊ ಕ್ಲಿನಿಕ್ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಎರಡು ಮೂರು ಮಾತ್ರೆ ಬದಲಾಯಿಸಿದರೂ ಖಿನ್ನತೆ ಕಡಿಮೆಯಾಗದಿದ್ದಾಗ ಅಮೆರಿಕದ ಸೈಕಿಯಾಟ್ರಿಸ್ಟ್‌ಗಳು ಹೇಳುವ ಹೆಸರುಗಳಲ್ಲಿ ಸ್ಪ್ರವಾಟೊ ಒಂದು. ಇದು ಮೂಗಿಗೆ ಹಾಕಿಕೊಳ್ಳುವ ಸ್ಪ್ರೇ. ಒಳಗಿರುವ ಔಷಧಿ ಎಸ್ಕೆಟಮಿನ್. ಇದನ್ನು ಫಾರ್ಮಸಿಯಲ್ಲಿ ಕೊಂಡು ಮನೆಗೆ ತರುವ ಹಾಗಿಲ್ಲ. ನೋಂದಣಿಯಾದ ಕ್ಲಿನಿಕ್‌ನಲ್ಲಿ, ಸಿಬ್ಬಂದಿಯ ಕಣ್ಣೆದುರಿಗೇ ತೆಗೆದುಕೊಳ್ಳಬೇಕು. ಆಮೇಲೆ ಕನಿಷ್ಠ 2 ಗಂಟೆ ಅಲ್ಲೇ ಇರಬೇಕು.

ಅಂಥ ಕ್ಲಿನಿಕ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಅವರ ಗಂಡ, ಹೆಂಡತಿ, ಅಕ್ಕ, ತಮ್ಮ, ರೂಮ್‌ಮೇಟ್ ಓದಿದರೆ ಇನ್ನೂ ಒಳ್ಳೆಯದು. ಹಾಸಿಗೆಯಿಂದ ಏಳುವುದೇ ಕಷ್ಟವಾಗಿರುವಾಗ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ, ಅವರ ಸಂಗೀತ ಕೇಳುತ್ತಾ ಕಾಯುವ ತ್ರಾಣ ಯಾರಿಗಿರುತ್ತದೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಲಿನಿಕ್‌ನ ವಿಳಾಸ ಸಿಗುವುದು ಕಷ್ಟವಲ್ಲ. ಕೆಲಸ ಕೆಡುವುದು ಬೇರೆ ಕಡೆ: ಹಿಂದೆ ತಗೊಂಡ ಔಷಧಿಗಳ ದಾಖಲೆ ಇರುವುದಿಲ್ಲ, ಇನ್ಶೂರೆನ್ಸ್ ಒಪ್ಪುವುದಿಲ್ಲ, ಇಲ್ಲವೇ ವಾಪಸ್ ಮನೆಗೆ ಕರೆದುಕೊಂಡು ಬರಲು ಯಾರೂ ಇರುವುದಿಲ್ಲ. ಹಾಗಾಗಿ ಇಲ್ಲಿ ಕ್ಲಿನಿಕ್ ಹುಡುಕುವ ಕೆಲಸ ಮೂರನೇ ಹೆಜ್ಜೆ.

ಸಾಯುವ ಯೋಚನೆ ಬರುತ್ತಿದ್ದರೆ ಈ ಯಾವ ಹೆಜ್ಜೆಗೂ ಕಾಯಬೇಡಿ. ಅಮೆರಿಕದಲ್ಲಿ 988ಕ್ಕೆ ಫೋನ್ ಮಾಡಿ ಅಥವಾ ಮೆಸೇಜ್ ಕಳಿಸಿ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 911, ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿ. ಊರಿನಲ್ಲಿರುವ ನಿಮ್ಮವರಿಗೆ ಬೇಕಾದರೆ ಭಾರತ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಇದು ಏನು, ಏನಲ್ಲ

ಕೆಟಮಿನ್ ಹಳೆಯ ಅರಿವಳಿಕೆ ಔಷಧಿ. 1962ರಲ್ಲಿ ತಯಾರಾಯಿತು, 1970ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಖಿನ್ನತೆ ಮೂರೇ ದಿನದಲ್ಲಿ ಸಡಿಲವಾಗುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದ ಒಂದು ಪುಟ್ಟ ಅಧ್ಯಯನ 2000ದಲ್ಲಿ ತೋರಿಸಿತು. ಆಮೇಲೆ ಎಲ್ಲರ ಕಣ್ಣು ಅದರ ಮೇಲೆ ಬಿತ್ತು. ಈ ಅಣುವಿಗೆ ಎಡಗೈ ಬಲಗೈ ಹಾಗೆ ಎರಡು ರೂಪಗಳಿವೆ. ಅದರಲ್ಲಿ ಒಂದೇ ಎಸ್ಕೆಟಮಿನ್. ಮಾಮೂಲಿ ಖಿನ್ನತೆ ಮಾತ್ರೆಗಳು ಹೆಚ್ಚಾಗಿ ಸೆರೊಟೋನಿನ್, ನಾರ್‌ಎಪಿನೆಫ್ರಿನ್ ಎಂಬ ಮಿದುಳಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತವೆ. ಇದು ಮಿದುಳಿನ ಗ್ಲುಟಮೇಟ್ ವ್ಯವಸ್ಥೆಯಲ್ಲಿ ಎನ್‌ಎಂಡಿಎ ಎಂಬ ಗ್ರಾಹಕವನ್ನು (ರಿಸೆಪ್ಟರ್) ತಡೆಯುತ್ತದೆ. ದಾರಿಯೇ ಬೇರೆ. ಹಾಗಾಗಿಯೇ ಮಾತ್ರೆಗಳು ಕೈಕೊಟ್ಟವರಲ್ಲೂ ಕೆಲವರಿಗೆ ಹಿಡಿಯುತ್ತದೆ.

ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಈ ಸ್ಪ್ರೇಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಜೊತೆಗೆ ಒಂದು ಖಿನ್ನತೆ ಮಾತ್ರೆ ಇರಲೇಬೇಕಿತ್ತು. 2020ರಲ್ಲಿ, ತೀವ್ರ ಖಿನ್ನತೆಯ ಜೊತೆ ಆತ್ಮಹತ್ಯೆಯ ಯೋಚನೆ ಇರುವವರಿಗೂ ಒಪ್ಪಿಗೆ ಸಿಕ್ಕಿತು. 2025ರ ಜನವರಿಯಿಂದ ಮಾತ್ರೆಗೆ ಜಗ್ಗದ ಖಿನ್ನತೆಗೆ ಇದೊಂದನ್ನೇ ಕೊಡಲೂ ಅನುಮತಿ ಇದೆ.

ಆಸೆ ಎಷ್ಟಿಟ್ಟುಕೊಳ್ಳಬೇಕು? 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 676 ಜನ ಇದ್ದರು. ಎಲ್ಲರೂ ಮಾತ್ರೆ ತಗೊಳ್ಳುತ್ತಿದ್ದರು. ಕೆಲವರಿಗೆ ಅದರ ಜೊತೆ ಎಸ್ಕೆಟಮಿನ್ ಸ್ಪ್ರೇ, ಉಳಿದವರಿಗೆ ಮಾತ್ರೆಯ ಬಲ ಹೆಚ್ಚಿಸುವ ಕ್ವೆಟಿಯಾಪಿನ್ ಕೊಟ್ಟರು. 8ನೇ ವಾರದ ಹೊತ್ತಿಗೆ ಸ್ಪ್ರೇ ಗುಂಪಿನಲ್ಲಿ ಶೇಕಡ 27.1 ಜನರ ಖಿನ್ನತೆ ಹೆಚ್ಚುಕಡಿಮೆ ಪೂರ್ತಿ ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಶೇಕಡ 17.6. ವ್ಯತ್ಯಾಸ ಇದೆ. ಆದರೆ ಇದು ಮಾಯದ ಮದ್ದಲ್ಲ. ಕ್ಲಿನಿಕ್‌ನವರು ಬೇರೆ ಥರ ಮಾತಾಡಿದರೆ ಸ್ವಲ್ಪ ಹುಷಾರು.

ಇನ್ನೊಂದು ವಿಷಯ ಸ್ಪಷ್ಟವಾಗಿರಲಿ. ಇಂಟರ್‌ನೆಟ್‌ನಲ್ಲಿ "ಮನೆಗೇ ಕೆಟಮಿನ್" ಎಂಬ ಜಾಹೀರಾತುಗಳು ತುಂಬಾ ಕಾಣುತ್ತವೆ. ಕಾಂಪೌಂಡಿಂಗ್ ಫಾರ್ಮಸಿಗಳು ಬೆರೆಸಿ ಕೊಡುವ ಆ ಕೆಟಮಿನ್ ಸ್ಪ್ರೇ, ಬಾಯಲ್ಲಿ ಕರಗಿಸುವ ಗುಳಿಗೆ ಯಾವುದೂ ಸ್ಪ್ರವಾಟೊ ಅಲ್ಲ. ಖಿನ್ನತೆಗೆಂದು ಅವಕ್ಕೆ ಎಫ್‌ಡಿಎ ಒಪ್ಪಿಗೆ ಇಲ್ಲ. ನೋಡಿಕೊಳ್ಳುವವರಿಲ್ಲದೆ ಅವನ್ನು ತಗೊಳ್ಳುವ ಅಪಾಯದ ಬಗ್ಗೆ ಎಫ್‌ಡಿಎ 2022ರಲ್ಲೂ 2023ರಲ್ಲೂ ಎಚ್ಚರಿಕೆ ಕೊಟ್ಟಿದೆ. ರಕ್ತನಾಳಕ್ಕೆ ಹನಿ ಹನಿಯಾಗಿ ಕೆಟಮಿನ್ ಕೊಡುವ ಕ್ಲಿನಿಕ್‌ಗಳು ಮತ್ತೊಂದು ಬಗೆ. ಅಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ದುಡ್ಡು ಸಾಮಾನ್ಯವಾಗಿ ನಿಮ್ಮ ಕೈಯಿಂದಲೇ. ಫೋನ್‌ನಲ್ಲಿ ಕೇಳುವಾಗ ಸುಮ್ನೆ "ಕೆಟಮಿನ್ ಇದೆಯಾ" ಅನ್ನಬೇಡಿ, "ಸ್ಪ್ರವಾಟೊ ಇದೆಯಾ" ಅನ್ನಿ.

ಬ್ರಿಟನ್ನಿನಲ್ಲಿರುವವರಿಗೆ ಈ ದಾರಿ ಹೊಂದುವುದಿಲ್ಲ. ಯಾವ ಚಿಕಿತ್ಸೆ ಕೊಡಬಹುದೆಂದು ಹೇಳುವ ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ ಇದನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಶಿಫಾರಸು ಮಾಡಲಿಲ್ಲ.

ಹೆಜ್ಜೆ 1: ಇದು ನಿಮಗೆ ಹೊಂದುತ್ತದಾ ಎಂದು ಈಗಿನ ಡಾಕ್ಟರ್ ಹತ್ತಿರವೇ ಕೇಳಿ

"ಮಾತ್ರೆಗೆ ಜಗ್ಗದ ಖಿನ್ನತೆ" ಅಂದರೆ ಈ ಸಲದ ಖಿನ್ನತೆಗೆ ಕನಿಷ್ಠ ಎರಡು ಬೇರೆ ಬೇರೆ ಔಷಧಿಗಳನ್ನು, ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ದಿನ ತಗೊಂಡೂ ಗುಣ ಕಾಣದಿರುವುದು. ಸಾಕಷ್ಟು ದಿನ ಅಂದರೆ ಸುಮಾರು ಆರು ವಾರ ಅಂತ ಇಟ್ಟುಕೊಳ್ಳಿ. ಎರಡು ವಾರ ತಗೊಂಡು ಹೊಟ್ಟೆ ತೊಳಸುತ್ತದೆ ಎಂದು ಬಿಟ್ಟ ಮಾತ್ರೆ ಲೆಕ್ಕಕ್ಕೆ ಬರುವುದೇ ಅನುಮಾನ. ಬಿಟ್ಟು ಬಿಟ್ಟು ತಗೊಂಡಿದ್ದರೆ ಡಾಕ್ಟರ್‌ಗೆ ಹಾಗೆಂದೇ ಹೇಳಿ. ಮಾತ್ರೆ ಕೆಲಸ ಮಾಡಲಿಲ್ಲವೋ, ಅದಕ್ಕೆ ಅವಕಾಶವೇ ಸಿಗಲಿಲ್ಲವೋ ಎಂಬುದು ಗೊತ್ತಾಗಬೇಕಲ್ವಾ?

ಇದೇ ಹೊತ್ತಿಗೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗಿದೆಯಾ ನೋಡಿ. ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ. ಬಿ12 ಕಡಿಮೆಯಾದರೂ ಸುಸ್ತು, ಮರೆವು, ಬೇಸರ ಬರುತ್ತವೆ. ಗೊರಕೆ ಜೋರಾಗಿದ್ದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಸ್ಲೀಪ್ ಆಪ್ನಿಯಾ ಬಗ್ಗೆಯೂ ಕೇಳಿ.

ಕೆಲವರಿಗೆ ಇದನ್ನು ಕೊಡುವ ಹಾಗೇ ಇಲ್ಲ. ರಕ್ತನಾಳ ಉಬ್ಬಿಕೊಳ್ಳುವ ಅನ್ಯೂರಿಸಂ ಇರುವವರು, ರಕ್ತನಾಳಗಳು ಹುಟ್ಟಿನಿಂದ ತಪ್ಪಾಗಿ ಕೂಡಿಕೊಂಡವರು, ಹಿಂದೆ ಮಿದುಳಿನೊಳಗೆ ರಕ್ತಸ್ರಾವವಾದವರು, ಕೆಟಮಿನ್ ಅಲರ್ಜಿ ಇರುವವರು ಈ ಗುಂಪಿಗೆ ಸೇರುತ್ತಾರೆ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ಶಿಫಾರಸು ಮಾಡುವುದಿಲ್ಲ. ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು, ಯಾಕೆಂದರೆ ಸ್ಪ್ರೇ ಬಿಪಿಯನ್ನು ಏರಿಸುತ್ತದೆ. ಹಿಂದೆ ಸೈಕೋಸಿಸ್ (ಇಲ್ಲದ್ದು ಕಾಣುವುದು, ಕೇಳುವುದು) ಆಗಿದ್ದರೆ, ಬೈಪೋಲಾರ್ ಇದ್ದರೆ, ಲಿವರ್ ತೊಂದರೆ ಇದ್ದರೆ, ಕುಡಿತ ಅಥವಾ ಬೇರೆ ಚಟ ಇದ್ದರೆ ಮುಚ್ಚಿಡಬೇಡಿ. ನಿದ್ದೆ ಮಾತ್ರೆ, ಆತಂಕಕ್ಕೆ ತಗೊಳ್ಳುವ ಮಾತ್ರೆ, ಎಡಿಎಚ್‌ಡಿ ಔಷಧಿಗಳ ಹೆಸರೂ ಹೇಳಿ. ಊರಿಂದ ತಂದ ಅಶ್ವಗಂಧ ಲೇಹ್ಯವನ್ನೂ ಸೇರಿಸಿ. ಅದೆಲ್ಲ ಔಷಧಿಯಲ್ಲ ಅಂತ ನಾವು ಅಂದುಕೊಂಡಿರುತ್ತೇವೆ, ದೇಹ ಹಾಗೆ ಅಂದುಕೊಳ್ಳುವುದಿಲ್ಲ.

ಹೆಜ್ಜೆ 2: ಔಷಧಿಗಳ ಇತಿಹಾಸ ಒಂದು ಹಾಳೆಯಲ್ಲಿ

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಇನ್ಶೂರೆನ್ಸ್‌ನವರು ಮುಖ ನೋಡುವುದಿಲ್ಲ, ಈ ಹಾಳೆ ನೋಡುತ್ತಾರೆ.

ಪ್ರತಿ ಔಷಧಿಗೂ ಒಂದು ಸಾಲು. ಅದರಲ್ಲಿ ಔಷಧಿಯ ಮೂಲ ಹೆಸರು, ಏರಿಸಿದ ಗರಿಷ್ಠ ಡೋಸ್, ಶುರು ಮಾಡಿದ ತಿಂಗಳು, ಬಿಟ್ಟ ತಿಂಗಳು, ಬಿಟ್ಟ ಕಾರಣ, ಬರೆದುಕೊಟ್ಟ ಡಾಕ್ಟರ್ ಹೆಸರು. "ಉಪಯೋಗವಾಗಲಿಲ್ಲ" ಮತ್ತು "ಸೈಡ್ ಎಫೆಕ್ಟ್ ತಡೆಯಲಾಗಲಿಲ್ಲ" ಇವೆರಡನ್ನೂ ಬೇರೆ ಬೇರೆ ಬರೆಯಿರಿ. ಇವಕ್ಕೆ ಇನ್ಶೂರೆನ್ಸ್ ಕಂಪನಿಗಳು ಬೇರೆ ಬೇರೆ ಬೆಲೆ ಕೊಡುತ್ತವೆ. ಮಾತ್ರೆಯ ಬಲ ಹೆಚ್ಚಿಸಲು ಜೊತೆಗೆ ಕೊಟ್ಟ ಅರಿಪಿಪ್ರಜೋಲ್, ಲಿಥಿಯಂ, ಕ್ವೆಟಿಯಾಪಿನ್ ಇದ್ದರೆ ಅವೂ ಸೇರಲಿ. ಕೌನ್ಸೆಲಿಂಗ್, ಟಿಎಂಎಸ್ (ಅಯಸ್ಕಾಂತದ ಅಲೆಗಳ ಚಿಕಿತ್ಸೆ), ಇಸಿಟಿ (ಮಿದುಳಿಗೆ ವಿದ್ಯುತ್ ಕೊಡುವ ಚಿಕಿತ್ಸೆ) ಆಗಿದ್ದರೆ ತಾರೀಖಿನ ಸಮೇತ ಹಾಕಿ.

ದಾಖಲೆ ಎಲ್ಲಿ ಸಿಗುತ್ತದೆ? ನೀವು ಔಷಧಿ ಕೊಳ್ಳುವ ಫಾರ್ಮಸಿಯಲ್ಲೇ. ಸಿವಿಎಸ್ ಇರಲಿ, ವಾಲ್‌ಗ್ರೀನ್ಸ್ ಇರಲಿ, ಕಳೆದ ಕೆಲವು ವರ್ಷಗಳ ಪಟ್ಟಿ ಪ್ರಿಂಟ್ ಹಾಕಿಕೊಡಿ ಎಂದರೆ ಕೊಡುತ್ತಾರೆ. ಯಾವ ತಿಂಗಳು ಎಷ್ಟು ಮಾತ್ರೆ ಎಂಬುದೆಲ್ಲ ಅದರಲ್ಲಿರುತ್ತದೆ.

ಚಿಕಿತ್ಸೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಶುರುವಾಗಿದ್ದರೆ ಇನ್ನೊಂದು ತೊಡಕು ಬರುತ್ತದೆ. ನೆಕ್ಸಿಟೋ, ವೆನಿಜ್ ಎಂದು ಬರೆದ ಚೀಟಿ ಇಲ್ಲಿನ ಗುಮಾಸ್ತರಿಗೆ ಅರ್ಥವಾಗುವುದಿಲ್ಲ. ನೆಕ್ಸಿಟೋ ಅಂದರೆ ಎಸ್ಸಿಟಾಲೊಪ್ರಾಮ್, ಇಲ್ಲಿ ಲೆಕ್ಸಪ್ರೋ ಹೆಸರಿನಲ್ಲಿ ಸಿಗುವುದೇ ಅದು. ವೆನಿಜ್ ಅಂದರೆ ವೆನ್ಲಾಫಾಕ್ಸಿನ್, ಇಲ್ಲಿ ಎಫೆಕ್ಸರ್. ಹಾಗಾಗಿ ಮೂಲ ಹೆಸರು ಬರೆಯಿರಿ, ಪಕ್ಕದಲ್ಲಿ ಚೀಟಿಯ ಫೋಟೋ ಇಡಿ. ಚೀಟಿ ಊರಲ್ಲೇ ಉಳಿದಿದ್ದರೆ ಮನೆಯವರಿಗೆ ಹೇಳಿ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಅಪ್ಪ ಅಮ್ಮನಿಗೆ ಇನ್ನೂ ವಿಷಯ ತಿಳಿಸಿಲ್ಲ ಅಂದರೆ ಆ ಡಾಕ್ಟರ್‌ಗೇ ಫೋನ್ ಮಾಡಿ, ಒಂದು ಸಣ್ಣ ಪತ್ರ ಬರೆಸಿಕೊಳ್ಳಿ.

ಇದರ ಜೊತೆ ಖಿನ್ನತೆ ಅಳೆಯುವ ಪ್ರಶ್ನಾವಳಿ ಪಿಎಚ್‌ಕ್ಯೂ-9ರ ಅಂಕ ಬೇಕು. ಒಂಬತ್ತು ಪ್ರಶ್ನೆ, 0ಯಿಂದ 27ರವರೆಗೆ ಅಂಕ. 20 ಮತ್ತು ಮೇಲೆ ಹೋದರೆ ತೀವ್ರ ಖಿನ್ನತೆ ಎಂದು ಲೆಕ್ಕ. ಇಲ್ಲಿ ನಮ್ಮವರು ಎಡವುವ ಒಂದು ಜಾಗ ಇದೆ. ಹೇಗಿದ್ದೀರಿ ಅಂದರೆ "ಪರವಾಗಿಲ್ಲ, ನಡೀತಿದೆ" ಅನ್ನುವುದು ನಮಗೆ ರೂಢಿ. ಡಾಕ್ಟರ್ ಎದುರಿಗೂ ಅದೇ ಬಾಯಿಗೆ ಬರುತ್ತದೆ. ತಲೆಭಾರ, ಮೈಕೈ ನೋವು, ನಿದ್ದೆ ಇಲ್ಲ ಅಂತ ಹೇಳಿ ಮುಗಿಸುತ್ತೇವೆ. ಮನಸ್ಸಿನ ಮಾತು ಹೊರಗೆ ಬರುವುದೇ ಇಲ್ಲ. ಆಮೇಲೆ ಅಂಕ 11 ಬರುತ್ತದೆ, ಅರ್ಜಿ ತಿರಸ್ಕಾರವಾಗುತ್ತದೆ. ಉಬ್ಬಿಸಿ ಹೇಳಿ ಎನ್ನುತ್ತಿಲ್ಲ. ಕಳೆದ ಎರಡು ವಾರ ಹೇಗಿತ್ತೋ ಹಾಗೇ ಹೇಳಿ. ಸ್ನಾನ ಮಾಡಿಲ್ಲ, ಊಟ ಸೇರಿಲ್ಲ, ಮಗುವಿನ ಮೇಲೆ ಸುಮ್ಮಸುಮ್ಮನೆ ರೇಗಿದ್ದು, ಎಲ್ಲ. ಜೊತೆಗಿರುವವರು ಎರಡು ವಾರ ಕಂಡಿದ್ದನ್ನು ಬರೆದಿಟ್ಟುಕೊಂಡರೆ ಸಹಾಯವಾಗುತ್ತದೆ.

ಹೆಜ್ಜೆ 3: ಈಗ ಕ್ಲಿನಿಕ್

ಎಫ್‌ಡಿಎ ಈ ಔಷಧಿಯನ್ನು ರೆಮ್ಸ್ ಎಂಬ ಸುರಕ್ಷತಾ ಕಟ್ಟುಪಾಡಿನ ಕೆಳಗೆ ಇಟ್ಟಿದೆ. ಕ್ಲಿನಿಕ್ ಅದರಲ್ಲಿ ನೋಂದಣಿ ಮಾಡಿಸಿರಬೇಕು. ನೀವೂ ಒಂದು ಫಾರಂಗೆ ಸಹಿ ಹಾಕಿ ಸೇರಬೇಕು. ಕ್ಲಿನಿಕ್‌ಗಳ ಪಟ್ಟಿ ಸ್ಪ್ರವಾಟೊ ಕಂಪನಿಯ ಅಧಿಕೃತ ಜಾಲತಾಣದಲ್ಲೇ ಇದೆ. ಜಿಪ್ ಕೋಡ್ ಹಾಕಿದರೆ ಹತ್ತಿರದವು ಕಾಣುತ್ತವೆ.

ಪಟ್ಟಿಯಲ್ಲಿ ಹೆಸರಿದೆ ಅಂದಮಾತ್ರಕ್ಕೆ ಅವರು ಹೊಸಬರನ್ನು ಸೇರಿಸಿಕೊಳ್ಳುತ್ತಾರೆ, ನಿಮ್ಮ ಇನ್ಶೂರೆನ್ಸ್ ತಗೊಳ್ಳುತ್ತಾರೆ ಎಂದಲ್ಲ. ಇನ್ನೂ ಎರಡು ದಾರಿ ನೋಡಿ. ನಿಮ್ಮ ಇನ್ಶೂರೆನ್ಸ್ ಕಾರ್ಡಿನ ಹಿಂದಿರುವ ಮಾನಸಿಕ ಆರೋಗ್ಯದ ನಂಬರಿಗೆ ಫೋನ್ ಮಾಡಿ, ಸ್ಪ್ರವಾಟೊ ಕೊಡುವ ಇನ್-ನೆಟ್‌ವರ್ಕ್ (ಆ ಇನ್ಶೂರೆನ್ಸ್ ಜೊತೆ ಒಪ್ಪಂದವಿರುವ) ಕ್ಲಿನಿಕ್‌ಗಳ ಹೆಸರು ಕೇಳಿ. ಹತ್ತಿರದಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆ ಇದ್ದರೆ ಅವರ ಸೈಕಿಯಾಟ್ರಿ ವಿಭಾಗವನ್ನೂ ಕೇಳಿ. ಅಲ್ಲಿ ಕಾಯುವುದು ಜಾಸ್ತಿ ಆಗಬಹುದು. ಆದರೆ ಇದು ಹಿಡಿಯದಿದ್ದರೆ ಟಿಎಂಎಸ್, ಇಸಿಟಿ ಎಲ್ಲ ಸಾಮಾನ್ಯವಾಗಿ ಒಂದೇ ಕಡೆ ಇರುತ್ತವೆ. ನನ್ನ ಮಟ್ಟಿಗೆ ಅದು ದೊಡ್ಡ ಅನುಕೂಲ. ಸ್ಪ್ರೇ ಒಂದನ್ನೇ ಕೊಡುವ ಕಡೆ ಎಲ್ಲರಿಗೂ ಸ್ಪ್ರೇಯೇ ಉತ್ತರವಾಗಿಬಿಡುವ ಸಂಭವ ಇರುತ್ತದೆ.

ದೂರವನ್ನು ಹಗುರವಾಗಿ ತಗೊಳ್ಳಬೇಡಿ. ಮೊದಲ 4 ವಾರ ವಾರಕ್ಕೆ ಎರಡು ಸಲ, ಮುಂದಿನ 4 ವಾರ ವಾರಕ್ಕೊಂದು ಸಲ. ಎರಡು ತಿಂಗಳಲ್ಲಿ 12 ಸಲ ಹೋಗಬೇಕು. ಒಂದೂವರೆ ಗಂಟೆ ದೂರದ ಹೆಸರುವಾಸಿ ಕ್ಲಿನಿಕ್‌ಗಿಂತ ಇಪ್ಪತ್ತು ನಿಮಿಷದ ಸಾಧಾರಣ ಕ್ಲಿನಿಕ್ ಎಷ್ಟೋ ವಾಸಿ.

ಹೆಜ್ಜೆ 4: ಫೋನ್‌ನಲ್ಲಿ ಏನು ಕೇಳಬೇಕು

ಎರಡು ಮೂರು ಕ್ಲಿನಿಕ್‌ಗಳಿಗೆ ಒಂದೇ ದಿನ ಫೋನ್ ಮಾಡಿ. ಒಂದರ ಉತ್ತರಕ್ಕೆ ಕಾದು ಇನ್ನೊಂದಕ್ಕೆ ಹೋಗುವುದರಲ್ಲಿ ತಿಂಗಳೇ ಕಳೆದುಹೋಗುತ್ತದೆ.

- ಹೊಸ ರೋಗಿಗಳನ್ನು ತಗೊಳ್ಳುತ್ತಿದ್ದೀರಾ? ಮೊದಲ ಭೇಟಿ ಯಾವಾಗ, ಮೊದಲ ಸ್ಪ್ರೇ ಯಾವಾಗ? ಈ ಎರಡರ ನಡುವೆ ವಾರಗಳೇ ಇರಬಹುದು.
- ನನ್ನ ಪ್ಲಾನ್ ನಿಮ್ಮಲ್ಲಿ ಇನ್-ನೆಟ್‌ವರ್ಕ್ ಆಗಿದೆಯಾ? ಔಷಧಿಗೂ, ಎರಡು ಗಂಟೆ ನೋಡಿಕೊಳ್ಳುವುದಕ್ಕೂ, ಎರಡಕ್ಕೂ?
- ಪ್ರಯರ್ ಆಥರೈಸೇಶನ್, ಅಂದರೆ ಇನ್ಶೂರೆನ್ಸ್ ಕಂಪನಿಯ ಮುಂಚಿತ ಒಪ್ಪಿಗೆ, ಯಾರು ಮಾಡಿಸುತ್ತಾರೆ? ಅದಕ್ಕೆಂದೇ ಒಬ್ಬರು ಇದ್ದಾರಾ? ಅವರ ಹೆಸರು?
- ನನ್ನ ಈಗಿನ ಸೈಕಿಯಾಟ್ರಿಸ್ಟ್ ಹತ್ತಿರವೇ ಮುಂದುವರಿಯಬಹುದಾ, ಅಥವಾ ನಿಮ್ಮಲ್ಲಿಗೇ ಬದಲಾಯಿಸಬೇಕಾ?
- ಕರೆದುಕೊಂಡು ಹೋಗಲು ಮನೆಯವರೇ ಬರಬೇಕಾ, ಊಬರ್ ಒಪ್ಪುತ್ತೀರಾ?
- ಸಂಜೆ ಅಥವಾ ಶನಿವಾರ ಸಮಯ ಇದೆಯಾ?
- ಕೂರುವ ಕೋಣೆ ಒಬ್ಬರಿಗೋ, ಹಲವರಿಗೋ? ಜೊತೆಗೊಬ್ಬರು ಕೂರಬಹುದಾ?

ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ಹೇಳಿ. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿ ಒದಗಿಸಬೇಕು. ಮಗಳು ಅಥವಾ ಸೊಸೆ ಎದುರಿಗೆ ಕೂತು ಅನುವಾದ ಮಾಡುವಾಗ ಅಮ್ಮ ಎಲ್ಲವನ್ನೂ ಹೇಳುತ್ತಾರೆ ಅಂದುಕೊಳ್ಳಬೇಡಿ. ಆರು ತಿಂಗಳಿಗೆಂದು ಬಂದ ತಂದೆತಾಯಿಯ ವಿಸಿಟರ್ ಇನ್ಶೂರೆನ್ಸ್ ಮಾತ್ರ ಸಾಮಾನ್ಯವಾಗಿ ಮೊದಲಿಂದ ಇರುವ ಕಾಯಿಲೆಗೆ ಹಣ ಕೊಡುವುದಿಲ್ಲ.

ಹೆಜ್ಜೆ 5: ಇನ್ಶೂರೆನ್ಸ್

ಬೆಲೆಯ ಅಂದಾಜಿಗೆ ಒಂದು ಲೆಕ್ಕ. 2019ರಲ್ಲಿ ಕಂಪನಿ ಘೋಷಿಸಿದ ಪಟ್ಟಿ ಬೆಲೆ ಒಂದು ಸಲಕ್ಕೆ 590ರಿಂದ 885 ಡಾಲರ್. ಮೊದಲ ಸಲ ಕಡಿಮೆ ಡೋಸ್ ಎಂದು ಹಿಡಿದರೆ, ಮೊದಲ ತಿಂಗಳ 8 ಸಲಕ್ಕೇ 4,720ರಿಂದ 6,785 ಡಾಲರ್. ಅದೂ ಔಷಧಿಗೆ ಮಾತ್ರ, ಕ್ಲಿನಿಕ್‌ನ ಖರ್ಚು ಬೇರೆ. ಕೈಯಿಂದ ಕೊಡುವ ಮಾತಲ್ಲ. ಇನ್ಶೂರೆನ್ಸ್ ಒಪ್ಪಿಗೆ ಕಾಗದದಲ್ಲಿ ಬರುವ ತನಕ ಮೊದಲ ದಿನ ನಿಗದಿ ಮಾಡಬೇಡಿ.

ಇಲ್ಲಿ ತುಂಬಾ ಜನಕ್ಕೆ ಗೊಂದಲವಾಗುವುದು ಒಂದೇ ವಿಷಯ. ಔಷಧಿ ಎರಡು ದಾರಿಯಲ್ಲಿ ಬರಬಹುದು. ಒಂದರಲ್ಲಿ ಕ್ಲಿನಿಕ್ ತಾನೇ ಕೊಂಡು ಇನ್ಶೂರೆನ್ಸ್‌ಗೆ ಬಿಲ್ ಕಳಿಸುತ್ತದೆ. ಇದು ಮೆಡಿಕಲ್ ಬೆನಿಫಿಟ್ ಖಾತೆಗೆ ಹೋಗುತ್ತದೆ. ಇನ್ನೊಂದರಲ್ಲಿ ಸ್ಪೆಷಾಲಿಟಿ ಫಾರ್ಮಸಿ ನಿಮ್ಮ ಹೆಸರಿನಲ್ಲಿ ಔಷಧಿಯನ್ನು ಕ್ಲಿನಿಕ್‌ಗೆ ಕಳಿಸುತ್ತದೆ. ಇದು ಸಾಮಾನ್ಯವಾಗಿ ಫಾರ್ಮಸಿ ಬೆನಿಫಿಟ್. ನಿಮ್ಮನ್ನು ಎರಡು ಗಂಟೆ ನೋಡಿಕೊಳ್ಳುವ ಖರ್ಚು ಮಾತ್ರ ಎರಡರಲ್ಲೂ ಮೆಡಿಕಲ್ ಬೆನಿಫಿಟ್‌ಗೇ ಸೇರುತ್ತದೆ. ಹಾಗಾಗಿ ಔಷಧಿಗೆ ಒಪ್ಪಿಗೆ ಬಂದು, ಕೂತ ಎರಡು ಗಂಟೆಗೆ ದೊಡ್ಡ ಬಿಲ್ ಬರುವ ಕಥೆ ಅಪರೂಪವೇನಲ್ಲ. "ಎರಡಕ್ಕೂ ಒಪ್ಪಿಗೆ ಬಂದಿದೆಯಾ? ನನ್ನ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡುವ ಮುನ್ನ ಕೈಯಿಂದ ಕಟ್ಟಬೇಕಾದ ಮೊತ್ತ) ಎಷ್ಟು ಉಳಿದಿದೆ? ಒಂದು ಭೇಟಿಗೆ ನನ್ನ ಪಾಲೆಷ್ಟು?" ಈ ಮೂರು ಪ್ರಶ್ನೆ ಕೇಳಿ. ಫೋನ್‌ನಲ್ಲಿ ಮಾತಾಡಿದವರ ಹೆಸರು, ತಾರೀಖು, ಕಾಲ್ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ.

ಕಂಪನಿ ಮೂಲಕ ಅಥವಾ ಸ್ವಂತ ಖಾಸಗಿ ಇನ್ಶೂರೆನ್ಸ್ ಇರುವವರಿಗೆ ಔಷಧಿ ತಯಾರಕರೇ ಕೊಡುವ ಸಹಾಯ ಯೋಜನೆ ಇದೆ. ಔಷಧಿಗೆ ನೀವು ಕೊಡಬೇಕಾದ ಪಾಲು, ಅಂದರೆ ಕೋಪೇ, ತುಂಬಾ ಇಳಿಯುತ್ತದೆ. ಸರ್ಕಾರದ ಇನ್ಶೂರೆನ್ಸ್‌ಗಳಾದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ), ಮೆಡಿಕೇಯ್ಡ್ (ಕಡಿಮೆ ಆದಾಯದವರಿಗೆ) ಇರುವವರಿಗೆ ಅದು ಅನ್ವಯಿಸುವುದಿಲ್ಲ.

ಅರ್ಜಿ ತಿರಸ್ಕಾರವಾದರೆ? ಹೆದರಬೇಡಿ. ಮೊದಲ ಸಲ "ಇಲ್ಲ" ಅನ್ನುವುದು ಮಾಮೂಲಿ. ತಿರಸ್ಕಾರದ ಪತ್ರದಲ್ಲಿ ಕಾರಣ ಇರಲೇಬೇಕು. ಓದಿ ನೋಡಿ. ಎಷ್ಟೋ ಸಲ ಔಷಧಿಯೊಂದರ ತಾರೀಖು ಇರುವುದಿಲ್ಲ, ಡೋಸ್ ಬರೆದಿರುವುದಿಲ್ಲ, ಅಷ್ಟೇ. ನಿಮ್ಮ ಎರಡನೇ ಹೆಜ್ಜೆಯ ಹಾಳೆ ಈಗ ಕೈಹಿಡಿಯುತ್ತದೆ. ಮೊದಲು ನಿಮ್ಮ ಡಾಕ್ಟರ್ ಇನ್ಶೂರೆನ್ಸ್ ಕಂಪನಿಯ ಡಾಕ್ಟರ್ ಜೊತೆ ನೇರ ಮಾತಾಡುವಂತೆ ಕೇಳಿಕೊಳ್ಳಿ. ಇದಕ್ಕೆ ಪಿಯರ್ ಟು ಪಿಯರ್ ಎನ್ನುತ್ತಾರೆ. ಅದೂ ಆಗದಿದ್ದರೆ ಮೇಲ್ಮನವಿ. ಬಹುತೇಕ ಖಾಸಗಿ ಪ್ಲಾನ್‌ಗಳಲ್ಲಿ ತಿರಸ್ಕಾರದ ಪತ್ರ ಬಂದ 180 ದಿನದೊಳಗೆ ಹಾಕಬಹುದು. ತುರ್ತು ಎಂದು ಡಾಕ್ಟರ್ ಬರೆದುಕೊಟ್ಟರೆ 72 ಗಂಟೆಯೊಳಗೆ ಉತ್ತರ ಕೊಡಬೇಕು. ಅಲ್ಲೂ ಇಲ್ಲವೆಂದರೆ, ಕಂಪನಿಗೆ ಸಂಬಂಧವಿಲ್ಲದ ಹೊರಗಿನವರಿಂದ ಮರುಪರಿಶೀಲನೆ ಕೇಳುವ ಹಕ್ಕಿದೆ. ಅದಕ್ಕೆ 4 ತಿಂಗಳ ಅವಧಿ.

ಎಚ್-4 ವೀಸಾದಲ್ಲಿರುವವರಿಗೆ, ಅಂದರೆ ಗಂಡನ ಅಥವಾ ಹೆಂಡತಿಯ ಇನ್ಶೂರೆನ್ಸ್‌ನಲ್ಲಿರುವವರಿಗೆ ಒಂದು ಸೂಚನೆ. ಖರ್ಚಿನ ವಿವರದ ಪತ್ರಗಳು ಸಾಮಾನ್ಯವಾಗಿ ಮುಖ್ಯ ಸದಸ್ಯರ ಹೆಸರಿಗೆ ಹೋಗುತ್ತವೆ. ಅವು ನಿಮಗೇ ಬೇರೆಯಾಗಿ ಬರಲಿ ಎಂದು ಇನ್ಶೂರೆನ್ಸ್ ಕಂಪನಿಗೆ ಕೇಳಿಕೊಳ್ಳಬಹುದು. ಗ್ರೀನ್ ಕಾರ್ಡ್ ಭಯವೂ ಬಹಳ ಜನರನ್ನು ಡಾಕ್ಟರ್ ಹತ್ತಿರ ಹೋಗದಂತೆ ತಡೆಯುತ್ತದೆ. ಖಿನ್ನತೆ ಇದೆ ಅನ್ನುವುದೊಂದೇ ಕಾರಣಕ್ಕೆ ಅದು ನಿಲ್ಲುವುದಿಲ್ಲ. ವೈದ್ಯಕೀಯ ತಪಾಸಣೆಯಲ್ಲಿ ನೋಡುವುದು ಕಾಯಿಲೆಯ ಜೊತೆ ತನಗೋ ಬೇರೆಯವರಿಗೋ ಹಾನಿ ಮಾಡುವ ನಡವಳಿಕೆ ಇದೆಯಾ, ಅದು ಮರುಕಳಿಸಬಹುದಾ ಎಂದು. ಹಿಂದೆ ಅಂಥದ್ದೇನಾದರೂ ಆಗಿದ್ದರೆ ವಕೀಲರನ್ನು ಕೇಳಿ. ಚಿಕಿತ್ಸೆಯನ್ನಂತೂ ಮುಂದೂಡಬೇಡಿ.

ಹೆಜ್ಜೆ 6: ಗಾಡಿ, ರಜೆ, ಮಕ್ಕಳು

ಸ್ಪ್ರೇ ತಗೊಂಡ ದಿನ ಕಾರು ಓಡಿಸುವ ಹಾಗಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಮರುದಿನವೇ ಸ್ಟಿಯರಿಂಗ್ ಹಿಡಿಯಬೇಕು. ನನಗೀಗ ಸರಿಯಾಗಿದೆ ಅನ್ನಿಸಿದರೂ ಇಲ್ಲ. ಬಸ್ಸೂ ರೈಲೂ ಸರಿಯಿಲ್ಲದ ಊರುಗಳಲ್ಲಿ ಇದೇ ದೊಡ್ಡ ತಲೆನೋವು.

ಮೊದಲ ತಿಂಗಳ 8 ಭೇಟಿಗೂ ಯಾರು ಕರೆತರುತ್ತಾರೆ ಎಂಬುದನ್ನು ಕ್ಯಾಲೆಂಡರ್‌ನಲ್ಲಿ ಬರೆದೇ ಶುರುಮಾಡಿ. ಒಬ್ಬರ ಮೇಲೇ ಹಾಕಿದರೆ ಎರಡನೇ ವಾರಕ್ಕೆ ಅವರೂ ಸುಸ್ತಾಗುತ್ತಾರೆ. ಇಬ್ಬರು ಮೂವರ ನಡುವೆ ಹಂಚಿ. ಕನ್ನಡ ಕೂಟದ ಗೆಳೆಯರಿಗೆ ಕಾರಣ ಹೇಳಲು ಮುಜುಗರವೇ? "ಆಸ್ಪತ್ರೆಯಲ್ಲೊಂದು ಪ್ರೊಸೀಜರ್ ಇದೆ, ಡ್ರೈವ್ ಮಾಡುವ ಹಾಗಿಲ್ಲ" ಅಂದರೆ ಸಾಕು. ಅದು ನಿಜವೂ ಹೌದು. ಮೆಡಿಕೇಯ್ಡ್ ಇದ್ದರೆ ಆಸ್ಪತ್ರೆಗೆ ಹೋಗಿಬರಲು ಗಾಡಿಯ ಸೌಲಭ್ಯವೇ ಇದೆ, ಮುಂಚೆಯೇ ಕಾದಿರಿಸಬೇಕು.

ಕೆಲಸಕ್ಕೆ ಹೋಗುವವರು ಎಫ್‌ಎಂಎಲ್‌ಎ ರಜೆ, ಅಂದರೆ ಕಾಯಿಲೆ ಅಥವಾ ಕುಟುಂಬದ ಕಾರಣಕ್ಕೆ ಕಾನೂನು ಕೊಡುವ ರಜೆ, ಕೇಳಿ. 50 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ 12 ತಿಂಗಳು ದುಡಿದು, ಕಳೆದ ವರ್ಷದಲ್ಲಿ 1,250 ಗಂಟೆ ಕೆಲಸ ಮಾಡಿದ್ದರೆ, ವರ್ಷಕ್ಕೆ 12 ವಾರದ ಸಂಬಳವಿಲ್ಲದ ರಜೆ ಸಿಗುತ್ತದೆ. ಅದನ್ನು ಒಟ್ಟಿಗೇ ತಗೊಳ್ಳಬೇಕಿಲ್ಲ, ಅರ್ಧ ದಿನ ಅರ್ಧ ದಿನ ಮುರಿದು ತಗೊಳ್ಳಬಹುದು. ವಾರಕ್ಕೆ ಎರಡು ಮಧ್ಯಾಹ್ನ ಬೇಕಾದವರಿಗೆ ಇದು ಸರಿಯಾಗಿ ಹೊಂದುತ್ತದೆ. ಕಾಗದಪತ್ರ ಎಚ್‌ಆರ್ ಮೂಲಕ ಹೋಗುತ್ತದೆ. ಮ್ಯಾನೇಜರ್‌ಗೆ ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. ಚಿಕ್ಕ ಮಕ್ಕಳಿದ್ದರೆ ಆ ಸಂಜೆ ಅವರನ್ನು ನೋಡಿಕೊಳ್ಳಲು ಬೇರೆಯವರಿರಲಿ.

ಹೆಜ್ಜೆ 7: ಮೊದಲ ದಿನ

ಸ್ಪ್ರೇಗೆ 2 ಗಂಟೆ ಮುಂಚೆಯಿಂದ ಊಟ ಬೇಡ. ಕೊನೆಯ 30 ನಿಮಿಷ ನೀರೂ ಬೇಡ. ಮೂಗು ಕಟ್ಟಿದ್ದಕ್ಕೆ ಬೇರೆ ಸ್ಪ್ರೇ ಹಾಕುವವರು ಒಂದು ಗಂಟೆ ಮುಂಚೆಯೇ ಹಾಕಿ ಮುಗಿಸಿ. ಬಿಪಿ ಮಾತ್ರೆಯನ್ನು ಯಾವಾಗ ತಗೊಳ್ಳಬೇಕೆಂದು ಕ್ಲಿನಿಕ್‌ನವರನ್ನೇ ಕೇಳಿ.

ಮೊದಲು ಬಿಪಿ ನೋಡುತ್ತಾರೆ. 140/90ಕ್ಕಿಂತ ಮೇಲಿದ್ದರೆ ಆ ದಿನ ಕೊಡಬೇಕೋ ಬೇಡವೋ ಎಂದು ಡಾಕ್ಟರ್ ಯೋಚಿಸುತ್ತಾರೆ. ಆಮೇಲೆ ಮೂಗು ಸೀನಿ, ತಲೆಯನ್ನು ಅರ್ಧ ಹಿಂದಕ್ಕೆ ಒರಗಿಸಿ, ನೀವೇ ಸ್ಪ್ರೇ ಮಾಡಿಕೊಳ್ಳಬೇಕು. ಒಂದು ಸಾಧನದಲ್ಲಿ 28 ಮಿಲಿಗ್ರಾಂ, ಎರಡು ಸ್ಪ್ರೇ, ಒಂದೊಂದು ಹೊಳ್ಳೆಗೆ ಒಂದು. ಸಾಧನದ ಮೇಲೆ ಎರಡು ಹಸಿರು ಚುಕ್ಕೆ ಇರುತ್ತವೆ, ಒಂದೊಂದು ಸ್ಪ್ರೇಗೆ ಒಂದೊಂದು ಮರೆಯಾಗುತ್ತದೆ. ಮೊದಲ ದಿನ ಸಾಮಾನ್ಯವಾಗಿ 56 ಮಿಲಿಗ್ರಾಂ, ಅಂದರೆ ಎರಡು ಸಾಧನ. ಆಮೇಲೆ 84ಕ್ಕೆ ಏರಿಸಬಹುದು. ಒಂದು ಸಾಧನಕ್ಕೂ ಇನ್ನೊಂದಕ್ಕೂ ನಡುವೆ 5 ನಿಮಿಷ ಸುಮ್ಮನಿರಬೇಕು. ಪರೀಕ್ಷೆಗೆಂದು ಗಾಳಿಯಲ್ಲಿ ಒತ್ತಿ ನೋಡಬೇಡಿ, ಡೋಸ್ ಹಾಳಾಗುತ್ತದೆ. ಗಂಟಲಿಗೆ ಕಹಿ ಇಳಿಯುತ್ತದೆ. ಇದು ಎಲ್ಲರ ಮೊದಲ ದೂರು.

ಆಮೇಲೆ ಏನಾಗುತ್ತದೆ? ತಲೆ ಸುತ್ತು, ವಾಕರಿಕೆ, ತುಟಿ ಬೆರಳು ಜೋಮು, ಮಂಪರು. ಕೆಲವರಿಗೆ ತಾನು ಬೇರೆ, ತನ್ನ ಮೈ ಬೇರೆ ಅನ್ನಿಸುತ್ತದೆ. ಗೋಡೆ ದೂರ ಹೋದಂತೆ, ಸಮಯ ನಿಧಾನವಾದಂತೆ. ಇದನ್ನು ಡಿಸೋಸಿಯೇಶನ್ ಎನ್ನುತ್ತಾರೆ. ಸುಮಾರು 40 ನಿಮಿಷದ ಹೊತ್ತಿಗೆ ಜೋರಾಗಿ, ಒಂದೂವರೆ ಎರಡು ಗಂಟೆಯಲ್ಲಿ ಇಳಿಯುತ್ತದೆ. ಬಿಪಿ ಕೂಡ ಅದೇ 40 ನಿಮಿಷದ ಆಸುಪಾಸಿನಲ್ಲಿ ಮೇಲೇರುತ್ತದೆ, ಆಗ ಮತ್ತೆ ನೋಡುತ್ತಾರೆ. ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಅಪರೂಪಕ್ಕೆ ಅತಿಯಾದ ಮಂಪರು, ಉಸಿರಾಟ ನಿಧಾನವಾಗುವುದೂ ಆಗಬಹುದು. ಎರಡು ಗಂಟೆ ಕೂರಿಸುವುದು ಇದಕ್ಕೇ. ಎದೆನೋವು, ತಡೆಯಲಾರದ ತಲೆನೋವು, ಉಸಿರುಕಟ್ಟಿದರೆ ತಕ್ಷಣ ಕರೆಯಿರಿ.

ಕೈಚೀಲದಲ್ಲಿ ಒಂದು ಶಾಲು, ಹೆಡ್‌ಫೋನ್, ಮೆತ್ತಗಿನ ವಾದ್ಯ ಸಂಗೀತ ಇರಲಿ. ಆಫೀಸಿನ ಲ್ಯಾಪ್‌ಟಾಪ್ ಬೇಡ. ಆ ಎರಡು ಗಂಟೆಯಲ್ಲಿ ಮೇಲ್ ಬರೆಯಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಹೆಜ್ಜೆ 8: ನಾಲ್ಕು ವಾರ ಆದಮೇಲೆ

ಕೆಲವರಿಗೆ ಮೊದಲ ದಿನವೇ ಹಗುರ ಅನ್ನಿಸುತ್ತದೆ, ಕೆಲವರಿಗೆ ಮೂರನೇ ವಾರದವರೆಗೂ ಏನೂ ಇಲ್ಲ. ವಾರಕ್ಕೊಮ್ಮೆ ಪಿಎಚ್‌ಕ್ಯೂ-9 ಬರೆದಿಡಿ. ಎಷ್ಟೋ ಸಲ ಬದಲಾವಣೆ ಮೊದಲು ಕಾಣುವುದು ಮನೆಯವರಿಗೆ. ತಾನಾಗಿ ಎದ್ದು ಕಾಫಿ ಮಾಡಿಕೊಂಡರು, ತಂಗಿಗೆ ಫೋನ್ ಮಾಡಿದರು, ಇಂಥವು. ಅವನ್ನೂ ಬರೆದಿಡಿ.

4ನೇ ವಾರದ ಕೊನೆಗೆ, ಉಪಯೋಗ ಆಗುತ್ತಿದೆಯಾ ಎಂದು ಡಾಕ್ಟರ್ ಕೂತು ನೋಡಬೇಕು. ಆಗುತ್ತಿದ್ದರೆ ವಾರಕ್ಕೊಂದು, 9ನೇ ವಾರದಿಂದ ವಾರಕ್ಕೊಂದು ಅಥವಾ ಎರಡು ವಾರಕ್ಕೊಂದು. ಎಷ್ಟು ದಿನ ಅನ್ನುವುದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ದೀರ್ಘಕಾಲ ತಗೊಳ್ಳುವವರು ಮೂತ್ರ ಉರಿ, ಪದೇ ಪದೇ ಮೂತ್ರ, ಮರೆವು ಕಂಡರೆ ಹೇಳಬೇಕು. ಈ ಔಷಧಿಗೆ ಚಟ ಹತ್ತುವ ಗುಣವೂ ಇದೆ. ಅದಕ್ಕೇ ಸರ್ಕಾರ ಇದನ್ನು ನಿಯಂತ್ರಿತ ಔಷಧಿಗಳ ಸಾಲಿನಲ್ಲಿಟ್ಟಿದೆ. ಇನ್ನೊಂದು ವಿಷಯ ಮನೆಯವರಿಗೆ ಗೊತ್ತಿರಲಿ: ಈ ಸ್ಪ್ರೇ ಆತ್ಮಹತ್ಯೆಯನ್ನು ತಡೆಯುತ್ತದೆ ಎಂದು ಸಾಬೀತಾಗಿಲ್ಲ. ಚಿಕಿತ್ಸೆ ಶುರುವಾಯಿತಲ್ಲ ಎಂದು ಕಣ್ಗಾವಲು ಸಡಿಲ ಮಾಡಬೇಡಿ.

ಹಿಡಿಯದಿದ್ದರೆ? ಟಿಎಂಎಸ್ ಇದೆ. ಅಯಸ್ಕಾಂತದ ಅಲೆಗಳಿಂದ ಕೊಡುವ ಈ ಚಿಕಿತ್ಸೆಗೆ 2008ರಿಂದ ಎಫ್‌ಡಿಎ ಅನುಮತಿ ಇದೆ. ಆ ದಿನ ಗಾಡಿ ಓಡಿಸಲೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಸಿಟಿಯ ಬಗ್ಗೆ ನಮ್ಮಲ್ಲಿ ಸಿನಿಮಾ ನೋಡಿ ಹುಟ್ಟಿದ ಭಯ ಜಾಸ್ತಿ. ಈಗ ಅದನ್ನು ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ತೀವ್ರ ಖಿನ್ನತೆಗೆ ಇಂದಿಗೂ ಅದು ಬಲವಾದ ಚಿಕಿತ್ಸೆಗಳಲ್ಲೊಂದು. ಊರಿಗೆ ವಾಪಸಾಗುವವರಿಗೆ ಇವೆರಡೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಗುತ್ತವೆ. ಹೊರಡುವ ಮುನ್ನ ಕ್ಲಿನಿಕ್‌ನಿಂದ ಪೂರ್ತಿ ದಾಖಲೆ ತಗೊಂಡು ಹೋಗಿ.

ಹಿಡಿದರೆ ನೆನಪಿಡಬೇಕಾದ ಕೆಲಸ ಒಂದಿದೆ. ಇನ್ಶೂರೆನ್ಸ್ ಒಪ್ಪಿಗೆಗೆ ಕೊನೆಯ ತಾರೀಖು ಇರುತ್ತದೆ. ಅದಕ್ಕೆ ಮೂರು ವಾರ ಮುಂಚೆಯೇ ನವೀಕರಣ ಶುರುಮಾಡಿಸಿ, ಅಂಕ ಇಳಿದದ್ದನ್ನು ಅರ್ಜಿಯಲ್ಲಿ ತೋರಿಸಿ. ಕೆಲಸ ಬದಲಾದರೆ, ಜನವರಿಯಲ್ಲಿ ಪ್ಲಾನ್ ಬದಲಾದರೆ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕಾಗುತ್ತದೆ. ಲೇಆಫ್ ಆದವರಿಗೆ ಹಳೆಯ ಇನ್ಶೂರೆನ್ಸ್ ಅನ್ನೇ ಕೋಬ್ರಾ ಎಂಬ ಕಾನೂನಿನ ಮೂಲಕ ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಲು ಅವಕಾಶ ಇದೆ. ಪೂರ್ತಿ ಪ್ರೀಮಿಯಂ ಕೈಯಿಂದ ಕಟ್ಟಬೇಕು. ಬೇಕೋ ಬೇಡವೋ ಎಂದು ತೀರ್ಮಾನಿಸಲು 60 ದಿನ ಸಮಯ ಕೊಡುತ್ತಾರೆ.